ಎಲ್ಲ ಟೆಸ್ಟೂ ನಾರ್ಮಲ್, ಮಾತ್ರೆಯೂ ನೆಟ್ಟಗೆ ಕೆಲಸ ಮಾಡ್ತಿಲ್ಲ: ಇಂಥ ಕೇಸಲ್ಲಿ ಮುಂದೇನು?

ತಂತಿಪಟ:
ಗಂಡಸರ ಲೈಂಗಿಕ ಸಮಸ್ಯೆ ಅಂದ ಕೂಡಲೇ ಎರಡು ಪಕ್ಷ ಹುಟ್ಟಿಕೊಳ್ಳುತ್ತೆ. ಒಂದು ಪಕ್ಷ "ಎಲ್ಲ ತಲೇಲಿದೆ, ಟೆನ್ಷನ್ ಬಿಡಪ್ಪ" ಅನ್ನುತ್ತೆ. ಇನ್ನೊಂದು "ಸಿಲ್ಡೆನಾಫಿಲ್ (ವಯಾಗ್ರ) ಬರೆದುಕೊಟ್ರೆ ಮುಗೀತು" ಅನ್ನುತ್ತೆ. ನಾನು ಕೇಳ್ತಿರೋದು ಇವೆರಡರ ಮಧ್ಯೆ ಸಿಕ್ಕಿಹಾಕಿಕೊಂಡವರ ಬಗ್ಗೆ. ವಯಸ್ಸು 30-35. ಸಕ್ಕರೆ, ಬಿಪಿ, ಕೊಲೆಸ್ಟರಾಲ್, ಟೆಸ್ಟೋಸ್ಟಿರೋನ್ ಯಾವುದರಲ್ಲೂ ಏರುಪೇರಿಲ್ಲ. ಬೆಳಗ್ಗೆ ಎದ್ದಾಗ ನಿಮಿರುವಿಕೆ ಇರುತ್ತೆ, ಒಬ್ಬನೇ ಇದ್ದಾಗಲೂ ತೊಂದರೆ ಇಲ್ಲ, ಸಂಗಾತಿ ಜೊತೆ ಮಾತ್ರ ಕೈಕೊಡುತ್ತೆ. 50 ಮಿಲಿಗ್ರಾಂ ತಗೊಂಡ್ರೂ ಅಷ್ಟಕ್ಕಷ್ಟೇ. ಇಂಥವರಿಗೆ "ಮಾನಸಿಕ ಚಿಕಿತ್ಸೆ" ಅಂದ್ರೆ ನಿಜವಾಗಿ ಏನು ಮಾಡ್ತಾರೆ? ಕೌನ್ಸೆಲಿಂಗ್ ಅಂತ ಒಂದೇ ಮಾತಲ್ಲಿ ಕೈತೊಳ್ಕೋಬೇಡಿ, ಬಿಡಿಸಿ ಹೇಳಿ. ಮಾತ್ರೆ ಯಾಕೆ ಸೋಲುತ್ತೆ ಅನ್ನೋದನ್ನೂ.

ಗುಳಿಗೆಪುರಾಣ:
ಮನಸ್ಸಿನ ಮೇಲೆ ತಪ್ಪು ಹೊರಿಸೋ ಮುಂಚೆ ಮಾತ್ರೆ ಹೇಗೆ ತಗೊಂಡ್ರು ಅಂತ ಕೇಳಿ. "ಕೆಲಸ ಮಾಡ್ಲಿಲ್ಲ" ಅನ್ನೋರಲ್ಲಿ ಎಷ್ಟೋ ಜನ ಹೊಟ್ಟೆ ತುಂಬ ಎಣ್ಣೆ-ತುಪ್ಪದ ಊಟ ಮಾಡಿ ಸಿಲ್ಡೆನಾಫಿಲ್ ನುಂಗಿರ್ತಾರೆ. ಜಿಡ್ಡಿನ ಊಟದ ಮೇಲೆ ತಗೊಂಡ್ರೆ ರಕ್ತಕ್ಕೆ ಸೇರೋದು ಸುಮಾರು ಒಂದು ಗಂಟೆ ತಡ, ಮಟ್ಟವೂ ಕಮ್ಮಿ. ಖಾಲಿ ಹೊಟ್ಟೆ, ಒಂದು ಗಂಟೆ ಮುಂಚೆ, ಅದು ಲೆಕ್ಕ. ಇದೇ ಜಾತಿಯ ಇನ್ನೊಂದು ಮಾತ್ರೆ ಟಡಲಾಫಿಲ್‌ಗೆ ಊಟದ ಗೊಡವೆ ಇಲ್ಲ, ಆದ್ರೆ ಎರಡು ಗಂಟೆ ಬಿಟ್ಟುಕೊಳ್ಳೋದು ಒಳ್ಳೇದು. ಪರಿಣಾಮ 36 ಗಂಟೆವರೆಗೂ ಇರುತ್ತೆ.

ಎರಡನೇದು, ಮಾತ್ರೆ ತಗೊಂಡು ಗಡಿಯಾರ ನೋಡ್ತಾ ಕೂತ್ರೆ ಏನೂ ಆಗಲ್ಲ. ಉದ್ರೇಕ ಬೇಕೇ ಬೇಕು. ಒಂದು ಸಲ, ಎರಡು ಸಲ ನೋಡಿ ಕೈಬಿಡೋದೂ ಸರಿಯಲ್ಲ. ವೈದ್ಯರು ಹೇಳಿದ ಪೂರ್ತಿ ಡೋಸ್‌ನಲ್ಲಿ ಕನಿಷ್ಠ 6-8 ಸಲ ಸರಿಯಾಗಿ ಪ್ರಯತ್ನ ಮಾಡಿದ ಮೇಲೇ "ಸೋತಿತು" ಅನ್ನಬೇಕು.

ಇನ್ನು ಇದನ್ನ ಓದೋ ಯಾರಿಗಾದ್ರೂ: ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ತಿದ್ರೆ, ನಾಲಿಗೆ ಕೆಳಗಿಡೋ ಗುಳಿಗೆಯಾದ್ರೂ ಸರಿ, ಈ ಜಾತಿಯ ಮಾತ್ರೆ ಮುಟ್ಟಲೇಬೇಡಿ. ಬಿಪಿ ಪಾತಾಳಕ್ಕೆ ಇಳಿಯುತ್ತೆ.

ನರನಾಡಿ:
ಗುಳಿಗೆಪುರಾಣ ಹೇಳಿದ್ದು ಸರಿ. ಆದ್ರೆ ಸರಿಯಾಗಿ ತಗೊಂಡ್ರೂ ಸೋಲುತ್ತೆ, ಅದಕ್ಕೆ ಕಾರಣ ಇದೆ. ನಿಮಿರುವಿಕೆ ಶುರುವಾಗೋದು ಬೆನ್ನುಹುರಿಯ ಕೆಳತುದಿಯಿಂದ (ಎಸ್2-ಎಸ್4) ಬರೋ ನರಗಳಿಂದ. ಅವು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡ್ತವೆ, ಅದರಿಂದ ಸಿಜಿಎಂಪಿ ಅನ್ನೋ ರಾಸಾಯನಿಕ ಹುಟ್ಟಿ ಶಿಶ್ನದೊಳಗಿನ ನಯಸ್ನಾಯು ಸಡಿಲ ಆಗುತ್ತೆ, ರಕ್ತ ತುಂಬುತ್ತೆ. ಸಿಲ್ಡೆನಾಫಿಲ್ ಮಾಡೋದು ಇಷ್ಟೇ: ಆ ಸಿಜಿಎಂಪಿಯನ್ನ ಒಡೆಯೋ ಪಿಡಿಇ5 ಕಿಣ್ವವನ್ನ ತಡೆಯೋದು. ಇರೋದನ್ನ ಉಳಿಸುತ್ತೆ, ಇಲ್ಲದ್ದನ್ನ ಹುಟ್ಟಿಸಲ್ಲ.

ಭಯ ಆದಾಗ ಇನ್ನೊಂದು ನರವ್ಯೂಹ ಎದ್ದು ನಿಲ್ಲುತ್ತೆ. ಅಡ್ರಿನಲಿನ್, ನಾರ್ ಅಡ್ರಿನಲಿನ್ ಅದೇ ಸ್ನಾಯುವನ್ನ ಬಿಗಿ ಮಾಡ್ತವೆ, ರಕ್ತ ಹೊರಗೆ. ಮಾತ್ರೆಗೆ ಉಳಿಸೋಕೆ ಏನೂ ಉಳಿದಿರಲ್ಲ. ಅಂದ್ರೆ "ತಲೇಲಿದೆ" ಅನ್ನೋದು ಪೂರ್ತಿ ರಕ್ತನಾಳದ ಮಟ್ಟದಲ್ಲೇ ನಡೆಯೋ ಘಟನೆ. ಇದನ್ನ ಮೊದಲನೇ ಭೇಟಿಯಲ್ಲೇ ರೋಗಿಗೆ ಚಿತ್ರ ಬರೆದು ತೋರಿಸಬೇಕು. "ನಾಟಕ ಮಾಡ್ತಿದೀನಿ ಅಂತಾರೇನೋ" ಅನ್ನೋ ಅವಮಾನ ಅರ್ಧ ಅಲ್ಲೇ ಇಳಿಯುತ್ತೆ.

ಕಟ್ಟೆಪುರಾಣಿ:
ಬೆಳಗ್ಗೆ ನಿಮಿರುತ್ತೆ ಅಂದ ಮೇಲೆ ಮನಸ್ಸಿನದೇ ಅಲ್ವಾ ಮಾರಾಯ್ರೆ? ಚರ್ಚೆ ಯಾಕೆ?

ಅರೆನಿದ್ರೆ:
@ಕಟ್ಟೆಪುರಾಣಿ ಅಷ್ಟು ಸಲೀಸಲ್ಲ. ಆರೋಗ್ಯವಂತ ಗಂಡಸಿಗೆ ರಾತ್ರಿ 3ರಿಂದ 5 ಸಲ, ಕನಸಿನ ನಿದ್ದೆಯ ಹೊತ್ತಲ್ಲಿ, ಪ್ರತಿ ಸಲ ಸುಮಾರು 25-35 ನಿಮಿಷ ನಿಮಿರುವಿಕೆ ಆಗುತ್ತೆ. ಬೆಳಗ್ಗೆ ಕಾಣೋದು ಅದರ ಕೊನೇ ಕಂತು. ಅದು ಗಟ್ಟಿಯಾಗಿದ್ರೆ ಕೊಳವೆ (ರಕ್ತನಾಳ), ತಂತಿ (ನರ) ಎರಡೂ ಸುಮಾರಾಗಿ ಸರಿ ಇವೆ ಅಂತ ಅರ್ಥ. ಆದ್ರೆ ಇಲ್ಲ ಅಂದ ಮಾತ್ರಕ್ಕೆ ದೇಹದ ದೋಷ ಅಂತ ಹೇಳೋಕಾಗಲ್ಲ. ಗೊರಕೆ ಹೊಡೆದು ಉಸಿರು ಕಟ್ಟೋ ಸ್ಲೀಪ್ ಆಪ್ನಿಯಾದಲ್ಲಿ ಕನಸಿನ ನಿದ್ದೆಯೇ ತುಂಡು ತುಂಡಾಗುತ್ತೆ. ತೀವ್ರ ಖಿನ್ನತೆಯಲ್ಲೂ ರಾತ್ರಿಯ ನಿಮಿರುವಿಕೆ ಕುಗ್ಗುತ್ತೆ. ಆಗ "ಬೆಳಗ್ಗೆಯೂ ಇಲ್ಲ, ಹಾಗಾದ್ರೆ ರಕ್ತನಾಳದ್ದೇ" ಅಂತ ಡಾಪ್ಲರ್ (ಶಿಶ್ನದ ರಕ್ತದ ಹರಿವು ಅಳೆಯೋ ಸ್ಕ್ಯಾನ್) ಮಾಡಿಸ್ತಾ ಕೂತ್ರೆ ಮೂಲವೇ ತಪ್ಪಿಹೋಗುತ್ತೆ.

ಗುಳಿಗೆಪುರಾಣ:
ಡಾಪ್ಲರ್ ಅಂದ್ರಿ ಅಂತ ನೆನಪಾಯ್ತು. ಆ ಪರೀಕ್ಷೆಯ ಕೋಣೆಯಲ್ಲೇ ಆತಂಕದಿಂದ ಫಲಿತಾಂಶ ಕೆಡುತ್ತೆ. ಇಂಜೆಕ್ಷನ್ ಕೊಟ್ಟು, ತಣ್ಣನೆ ಕೋಣೆಯಲ್ಲಿ, ಬಾಗಿಲು ತೆಗೆದು ಹಾಕೋ ಸದ್ದಿನ ಮಧ್ಯೆ ಅಳೆದ್ರೆ ಸ್ನಾಯು ಪೂರ್ತಿ ಸಡಿಲ ಆಗಲ್ಲ. ವರದಿಯಲ್ಲಿ "ವೀನಸ್ ಲೀಕ್" ಅಂತ ಬರುತ್ತೆ, ಅಂದ್ರೆ ತುಂಬಿದ ರಕ್ತ ನಿಲ್ಲದೆ ಸೋರಿಹೋಗ್ತಿದೆ ಅಂತ. ಆ ಎರಡು ಪದ ಓದಿದ ಹುಡುಗ ಆರು ತಿಂಗಳು ನಿದ್ದೆ ಮಾಡಲ್ಲ. ಅನುಮಾನ ಇದ್ರೆ ಔಷಧಿ ಇನ್ನೊಂದು ಡೋಸ್ ಕೊಟ್ಟು, ಸ್ವಲ್ಪ ಹೊತ್ತು ಒಂಟಿಯಾಗಿ ಬಿಟ್ಟು ಮತ್ತೆ ಅಳೀಬೇಕು.

ಎದುರುವಾದಿ:
ಎಲ್ಲರೂ ಮನಸ್ಸು ಮನಸ್ಸು ಅಂತಿದೀರಿ. ಎಳೇ ವಯಸ್ಸು ಅಂದ ಕೂಡಲೇ "ಸೈಕಲಾಜಿಕಲ್" ಅಂತ ಚೀಟಿ ಅಂಟಿಸಿ ಕಳಿಸೋದು ಸೋಮಾರಿತನ. ಪ್ರೊಲ್ಯಾಕ್ಟಿನ್ ಹಾರ್ಮೋನ್ ಹೆಚ್ಚಿಸೋ, ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿಯ ಗಡ್ಡೆ, ಸಕ್ಕರೆ ಕಾಯಿಲೆ, ಶಿಶ್ನ ಬಾಗೋ ಪೆರೋನಿ ಕಾಯಿಲೆ, ಸೊಂಟದ ಭಾಗಕ್ಕೆ ಬಿದ್ದ ಹಳೇ ಪೆಟ್ಟು, ಇವ್ಯಾವೂ ವಯಸ್ಸು ಕೇಳಿ ಬರಲ್ಲ. ಟೆಸ್ಟೋಸ್ಟಿರೋನ್ ಸಾಯಂಕಾಲ ತೆಗೆಸಿ ನಾರ್ಮಲ್ಲೋ ಕಮ್ಮಿಯೋ ಅನ್ನೋದೂ ಅರ್ಥವಿಲ್ಲದ್ದು. ಬೆಳಗ್ಗೆ ಬೇಗ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ತೆಗೆಸಬೇಕು. 40 ದಾಟಿದವರಲ್ಲಂತೂ ನಿಮಿರುವಿಕೆ ಮೆಲ್ಲಗೆ ಕುಗ್ಗೋದು ಹೃದಯದ ಕಡೆಯಿಂದ ಬಂದ ನೋಟೀಸು ಇದ್ದಂಗೆ. ಶಿಶ್ನದ ರಕ್ತನಾಳ 1-2 ಮಿಲಿಮೀಟರ್, ಹೃದಯದ್ದು 3-4. ಸಣ್ಣದು ಮೊದಲು ಕಟ್ಟುತ್ತೆ.

ನರನಾಡಿ:
@ಎದುರುವಾದಿ ಒಪ್ಪಿದೆ, ಆದ್ರೆ ಅರ್ಧ. ದೇಹದ್ದೋ ಮನಸ್ಸಿನದೋ ಅಂತ ಎರಡು ಡಬ್ಬ ಇಟ್ಕೊಳ್ಳೋದೇ ಗೋಳು. ಸಕ್ಕರೆ ಕಾಯಿಲೆಯವರಿಗೆ ಮೊದಲು ಶೇ 20ರಷ್ಟು ಗಟ್ಟಿತನ ಕಮ್ಮಿಯಾಗುತ್ತೆ ಅಂತಿಟ್ಟುಕೊಳ್ಳಿ. ಎರಡು ಸಲ ಸೋತ ಮೇಲೆ ಹುಟ್ಟೋ ಭಯ ಉಳಿದದ್ದನ್ನ ಕಿತ್ಕೊಳ್ಳುತ್ತೆ. ಸಕ್ಕರೆ ಹತೋಟಿಗೆ ಬಂದ ಮೇಲೂ ಭಯ ಅಲ್ಲೇ ಕೂತಿರುತ್ತೆ. ಕಾರಣ ದೇಹದ್ದು, ಕಾಯಿಲೆಯನ್ನ ಮುಂದುವರಿಸ್ತಿರೋದು ಮನಸ್ಸು. ಚಿಕಿತ್ಸೆ ಮುಂದುವರಿಸ್ತಿರೋದಕ್ಕೆ ಕೊಡಬೇಕು, ಶುರುಮಾಡಿದ್ದಕ್ಕಷ್ಟೇ ಅಲ್ಲ.

ಕಟ್ಟೆಪುರಾಣಿ:
1980ರ ದಶಕದವರೆಗೆ ಬಹುಪಾಲು ಕೇಸು ಮನಸ್ಸಿನದ್ದೇ ಅಂತ ನಂಬಿದ್ರಲ್ಲ, ಅದನ್ನ ಮುರಿದ ಪ್ರಸಂಗ ಗೊತ್ತಾ? 1983ರಲ್ಲಿ ಲಾಸ್ ವೇಗಸ್‌ನಲ್ಲಿ ಮೂತ್ರರೋಗ ತಜ್ಞರ ಸಮ್ಮೇಳನ. ಬ್ರಿಟನ್ನಿನ ಜೈಲ್ಸ್ ಬ್ರಿಂಡ್ಲಿ ಉಪನ್ಯಾಸಕ್ಕೆ ಮುಂಚೆ ತನಗೇ ಶಿಶ್ನಕ್ಕೆ ಇಂಜೆಕ್ಷನ್ ಚುಚ್ಚಿಕೊಂಡು ಬಂದು, ವೇದಿಕೆ ಮೇಲೆ ಪ್ಯಾಂಟ್ ಇಳಿಸಿ ಫಲಿತಾಂಶ ತೋರಿಸಿಬಿಟ್ಟ. ಉದ್ರೇಕ ಇಲ್ಲದೆ, ಬರೀ ರಾಸಾಯನಿಕದಿಂದಲೇ ಸಾಧ್ಯ ಅಂತ ಸಾಬೀತಾಯ್ತು.

ಪಿಸುಗನ್ನಡಿ:
😂 ಸಾವಿರ ಪುಟದ ಪ್ರಬಂಧಕ್ಕಿಂತ ಮೇಲು. ಸರಿ, ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಇಲ್ಲಿ ಕಾಯಿಲೆಯ ಎಂಜಿನ್ ಯಾವುದು ಅಂದ್ರೆ ತನ್ನನ್ನ ತಾನೇ ನೋಡ್ತಾ ಇರೋದು. ಹಾಸಿಗೆ ಮೇಲೆ ಮಲಗಿದ್ದಾನೆ, ಆದ್ರೆ ಗಮನ ಪೂರ್ತಿ "ಇದೆಯಾ? ಇಳೀತಾ? ಅವಳಿಗೆ ಗೊತ್ತಾಯ್ತಾ?" ಅನ್ನೋದರ ಮೇಲೆ. ಅಮೆರಿಕದ ಲೈಂಗಿಕ ಸಂಶೋಧಕರಾದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ ಇದನ್ನ ಗುರುತಿಸಿ ರೂಪಿಸಿದ ಸ್ಪರ್ಶಾಭ್ಯಾಸವೇ ಈಗಲೂ ಮುಖ್ಯ ಚಿಕಿತ್ಸೆ.

ಮೊದಲ ನಿಯಮ, ಸಂಭೋಗ ನಿಷೇಧ. ಇಬ್ಬರೂ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ಪರೀಕ್ಷೆಯೇ ರದ್ದಾದ ಮೇಲೆ ಫೇಲಾಗೋ ಭಯ ಎಲ್ಲಿಂದ? ವಾರಕ್ಕೆ ಎರಡು ಮೂರು ಸಲ, ಒಬ್ಬೊಬ್ಬರು 15-20 ನಿಮಿಷ ಸರದಿಯಲ್ಲಿ ಮುಟ್ಟೋದು. ಜನನಾಂಗ, ಸ್ತನ ಬಿಟ್ಟು. ಮುಟ್ಟೋರು ಎದುರಿನವರನ್ನ ಖುಷಿಪಡಿಸೋಕೆ ಅಂತ ಮುಟ್ಟಬಾರದು, ತಮ್ಮ ಕುತೂಹಲಕ್ಕೆ ಮುಟ್ಟಬೇಕು. ಗಮನ ಮೂರರ ಮೇಲೆ: ಬಿಸಿಯೋ ತಣ್ಣಗೋ, ಒತ್ತಡ ಎಷ್ಟು, ಚರ್ಮ ನಯವೋ ಒರಟೋ. ಮನಸ್ಸು ಕೆಳಗಡೆ ಪರೀಕ್ಷೆಗೆ ಓಡುತ್ತೆ, ಓಡೇ ಓಡುತ್ತೆ. ಬೈಕೊಳ್ಳದೆ ವಾಪಸ್ ಬೆರಳ ತುದಿಗೆ ತರಬೇಕು. ಮುಟ್ಟಿಸಿಕೊಳ್ಳೋರಿಗೆ ಒಂದೇ ಕೆಲಸ, ಹಿತ ಅನ್ನಿಸದಿದ್ರೆ ಕೈ ಸರಿಸೋದು.

ಎರಡು ಮೂರು ವಾರ ಆದ ಮೇಲೆ ಜನನಾಂಗವೂ ಸೇರುತ್ತೆ, ಸಂಭೋಗ ಇನ್ನೂ ಇಲ್ಲ. ಇಲ್ಲಿ ಬರೋ ಅಭ್ಯಾಸವೇ ನನ್ನ ಪ್ರಕಾರ ಇಡೀ ಚಿಕಿತ್ಸೆಯ ಜೀವ. ನಿಮಿರುವಿಕೆ ಬಂದಾಗ ಬೇಕಂತಲೇ ಕೈ ತೆಗೆದು ಪೂರ್ತಿ ಇಳಿಯೋಕೆ ಬಿಡೋದು, ಮತ್ತೆ ಮುಟ್ಟೋದು, ಮತ್ತೆ ಇಳಿಸೋದು, ಒಂದೇ ಹೊತ್ತಿನ ಅಭ್ಯಾಸದಲ್ಲಿ ಎರಡು ಮೂರು ಸಲ. "ಇಳಿದ್ರೆ ಮುಗೀತು" ಅನ್ನೋ ನಂಬಿಕೆ ಮಾತಿನಿಂದ ಹೋಗಲ್ಲ, ಇಳಿದದ್ದು ಮತ್ತೆ ಬರೋದನ್ನ ಕಣ್ಣಾರೆ ನೋಡಿದಾಗ ಹೋಗುತ್ತೆ. ಆಮೇಲೆ ಅಲುಗಾಡದೆ ಒಳಗೆ ಸೇರಿಸಿ ಸುಮ್ಮನೆ ಇರೋದು, ಕೊನೆಗೆ ಚಲನೆ. ಒಂದು ಮೆಟ್ಟಿಲಲ್ಲಿ ಭಯ ಎದ್ರೆ ಹಿಂದಿನ ಮೆಟ್ಟಿಲಿಗೆ ಇಳೀಬೇಕು, ತಳ್ಳಿಕೊಂಡು ಹೋಗಬಾರದು.

ಕಟ್ಟೆಪುರಾಣಿ:
ಬರೀ ಮುಟ್ಟೋದಕ್ಕೆ ಎರಡು ಮೂರು ವಾರಾನಾ?!

ಪಿಸುಗನ್ನಡಿ:
@ಕಟ್ಟೆಪುರಾಣಿ ಹೌದು, ಕೆಡೋದೂ ಅಲ್ಲೇ. ಎರಡನೇ ವಾರ ಚೆನ್ನಾಗಿ ನಿಮಿರುತ್ತೆ, "ಬಂತಲ್ಲ, ಬಾ" ಅಂತ ನಿಷೇಧ ಮುರೀತಾರೆ. ಮಧ್ಯದಲ್ಲಿ ಇಳಿಯುತ್ತೆ. ಮರುದಿನದಿಂದ ಮುಟ್ಟೋದೂ ಪರೀಕ್ಷೆಯೇ ಆಗುತ್ತೆ, ಮೊದಲಿನಿಂದ ಶುರು. ಇದನ್ನ ಮುಂಚೆಯೇ ಹೇಳಿಟ್ಟಿರಬೇಕು.

ತಂತಿಪಟ:
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಸಂಗಾತಿ ಬರೋಕೆ ಒಪ್ಪದಿದ್ರೆ, ಅಥವಾ ಸಂಗಾತಿಯೇ ಇಲ್ಲದವರಿಗೆ?

ಪಿಸುಗನ್ನಡಿ:
ಒಬ್ಬನೇ ಮಾಡಬಹುದು. ಅದೇ ಏರಿಸಿ ಇಳಿಸೋ ಅಭ್ಯಾಸ, ವಿಡಿಯೋ ಇಲ್ಲದೆ, ಆತುರ ಇಲ್ಲದೆ. ಕಾಂಡೋಮ್ ಹಾಕುವಾಗ ಇಳಿಯೋದು ಬಹಳ ಜನರ ತಕರಾರು. ಅದನ್ನೂ ಒಬ್ಬನೇ ಅಭ್ಯಾಸ ಮಾಡೋದು ಉತ್ತಮ. ಪೊಟ್ಟಣ ಮುಂಚೆಯೇ ಕೈಗೆಟುಕೋ ಹಾಗಿಟ್ಟುಕೊಂಡು, ಹಾಕಿ, ಮತ್ತೆ ಏರಿಸಿ. ಬಿಗಿಯಾದ ಅಳತೆಯದ್ದಾದ್ರೆ ಅಳತೆ ಬದಲಿಸಿ.

ಸಂಗಾತಿ ಬಂದ್ರೆ ಮಾತ್ರ ಗೊತ್ತಾಗೋ ಸಂಗತಿಗಳೂ ಇವೆ. ಆಕೆಗೆ ಸಂಭೋಗದಲ್ಲಿ ನೋವಿರುತ್ತೆ, ಮುಖ ಹಿಂಡ್ತಾಳೆ, ಅದನ್ನ ನೋಡಿ ಇವನದು ಇಳಿಯುತ್ತೆ. ಇವನಿಗೆ ಎಷ್ಟು ಮಾತ್ರೆ ಕೊಟ್ಟರೇನು? ಆಕೆಯ ನೋವಿಗೆ ಚಿಕಿತ್ಸೆ ಬೇಕು.

ಲೆಕ್ಕಾಚಾರ:
ಮನಸ್ಸಿನ ತಾಕತ್ತು ಎಷ್ಟು ಅನ್ನೋದಕ್ಕೆ ಅಂಕಿ ಬೇಕಾದ್ರೆ: ಸಿಲ್ಡೆನಾಫಿಲ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ 1998ರಲ್ಲೇ ಪ್ರಕಟವಾದ ಪ್ರಯೋಗದಲ್ಲಿ ಮಾತ್ರೆ ತಗೊಂಡವರ ಪ್ರಯತ್ನಗಳಲ್ಲಿ ಶೇ 69 ಯಶಸ್ವಿ, ಹುಸಿಮಾತ್ರೆ ತಗೊಂಡವರಲ್ಲಿ ಶೇ 22. ಏನೂ ಇಲ್ಲದ ಗುಳಿಗೆಗೆ 22!

ಉಲ್ಟಾ ದಿಕ್ಕಿನದ್ದು ಇನ್ನೂ ಮಜಾ. ಪ್ರಾಸ್ಟೇಟ್ ಊತಕ್ಕೆ ಕೊಡೋ ಫಿನಾಸ್ಟರೈಡ್ ಬಗ್ಗೆ 2007ರ ಇಟಲಿಯ ಅಧ್ಯಯನ. "ಲೈಂಗಿಕ ಅಡ್ಡಪರಿಣಾಮ ಬರಬಹುದು" ಅಂತ ಹೇಳಿ ಕೊಟ್ಟವರಲ್ಲಿ ಶೇ 43.6 ಮಂದಿಗೆ ತೊಂದರೆ, ಹೇಳದೆ ಕೊಟ್ಟವರಲ್ಲಿ ಶೇ 15.3. ಅದೇ ಔಷಧಿ, ಅದೇ ಡೋಸ್.

ಎದುರುವಾದಿ:
ಅಂದ್ರೆ ರೋಗಿಗೆ ಹೇಳದೆ ಮುಚ್ಚಿಡಬೇಕು ಅಂತೀರಾ? ಅದು ತಪ್ಪು.

ಲೆಕ್ಕಾಚಾರ:
ಮುಚ್ಚಿಡಿ ಅಂತ ಯಾರು ಹೇಳಿದ್ರು? ಹೇಳೋ ರೀತಿ ಬದಲಿಸಿ ಅಂತ. "ಇದರಿಂದ ಆಗಬಹುದು" ಅಂತ ನಿಲ್ಲಿಸೋ ಬದಲು "ಹೆಚ್ಚಿನವರಿಗೆ ಆಗಲ್ಲ, ಆದ್ರೆ ಬಂದು ಹೇಳಿ, ಬೇರೆ ದಾರಿ ಇದೆ" ಅಂತ ಹೇಳಿದ್ರೆ ಸತ್ಯವೂ ಉಳಿಯುತ್ತೆ, ಭಯವೂ ಬೆಳೆಯಲ್ಲ.

ಅರೆನಿದ್ರೆ:
ಔಷಧಿಯ ಮಾತು ಬಂತಲ್ಲ, ಖಿನ್ನತೆ-ಆತಂಕಕ್ಕೆ ಕೊಡೋ ಎಸ್‌ಎಸ್‌ಆರ್‌ಐ ಮಾತ್ರೆಗಳನ್ನ ಬಿಟ್ಟುಬಿಟ್ಟಿದೀರಿ. ಖಿನ್ನತೆಯಿಂದ ಆಸೆ ಕುಗ್ಗುತ್ತೆ, ಅದಕ್ಕೆ ಮಾತ್ರೆ ಕೊಟ್ರೆ ಮಾತ್ರೆಯಿಂದ ಆಸೆ ಇನ್ನಷ್ಟು ಕುಗ್ಗಿ, ಸ್ಖಲನ ತಡ ಆಗುತ್ತೆ. ಪರಾಕ್ಸಿಟಿನ್ ಇದರಲ್ಲಿ ಕುಖ್ಯಾತ. ಅದಕ್ಕೇ ಚಿಕಿತ್ಸೆ ಶುರುಮಾಡೋ ಮುಂಚೆಯೇ ಲೈಂಗಿಕ ಜೀವನ ಹೇಗಿತ್ತು ಅಂತ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ರೆ ಆಮೇಲೆ ಕಾಯಿಲೆಯದ್ದು ಯಾವುದು, ಮಾತ್ರೆಯದ್ದು ಯಾವುದು ಅಂತ ಬಿಡಿಸೋಕಾಗಲ್ಲ.

ತಾವೇ ನಿಲ್ಲಿಸೋದು ಬೇಡ. ಪರಾಕ್ಸಿಟಿನ್ ದಿಢೀರ್ ಬಿಟ್ರೆ ತಲೆಸುತ್ತು, ಕರೆಂಟ್ ಹೊಡೆದ ಹಾಗೆ ಅನುಭವ, ಸಿಡುಕು. ವೈದ್ಯರು ಡೋಸ್ ಇಳಿಸಬಹುದು, ಬುಪ್ರೊಪಿಯಾನ್ ಅಥವಾ ಮಿರ್ಟಾಜಪಿನ್‌ಗೆ ಬದಲಿಸಬಹುದು, ಅಥವಾ ಸಿಲ್ಡೆನಾಫಿಲ್ ಜೊತೆ ಸೇರಿಸಬಹುದು.

ಕಟ್ಟೆಪುರಾಣಿ:
ಅದೇ ಅಡ್ಡಪರಿಣಾಮವನ್ನ ಶೀಘ್ರಸ್ಖಲನಕ್ಕೆ ಔಷಧಿಯಾಗಿ ಬಳಸ್ತಾರಲ್ಲ. ಅದರ ಬಗ್ಗೆ ಯಾರಾದ್ರೂ ಹೇಳಿ.

ಗುಳಿಗೆಪುರಾಣ:
ಹೌದು. ಡಪಾಕ್ಸಿಟಿನ್ 30 ಮಿಲಿಗ್ರಾಂ, 1ರಿಂದ 3 ಗಂಟೆ ಮುಂಚೆ, ದೊಡ್ಡ ಲೋಟ ನೀರಿನ ಜೊತೆ, ದಿನಕ್ಕೆ ಒಂದೇ ಸಲ. ಮದ್ಯದ ಜೊತೆ ಬೇಡ, ತಲೆಸುತ್ತಿ ಬೀಳ್ತಾರೆ. ಬೇರೆ ಎಸ್‌ಎಸ್‌ಆರ್‌ಐ ಜೊತೆಯೂ ಬೇಡ. ಮರಗಟ್ಟಿಸೋ ಲಿಡೊಕೇನ್-ಪ್ರಿಲೊಕೇನ್ ಕ್ರೀಮ್ 20-30 ನಿಮಿಷ ಮುಂಚೆ ಹಚ್ಚಿ, ಆಮೇಲೆ ಒರೆಸಿ ತೊಳೀಬೇಕು. ಇನ್ನೂ ಹೊತ್ತು ಬಿಟ್ರೆ ಸ್ಪರ್ಶವೇ ಸತ್ತು ನಿಮಿರುವಿಕೆ ಹೋಗುತ್ತೆ, ಒರೆಸದಿದ್ರೆ ಸಂಗಾತಿಗೂ ಮರಗಟ್ಟುತ್ತೆ.

ಆದ್ರೆ ಮೊದಲು ನಿಜವಾಗಿ ಶೀಘ್ರವೋ ಅಂತ ಕೇಳಿ. ಐದು ದೇಶಗಳ 500 ಜೋಡಿಗಳ ಕೈಗೆ ಸ್ಟಾಪ್‌ವಾಚ್ ಕೊಟ್ಟು ಒಳಗೆ ಸೇರಿಸಿದಾಗಿನಿಂದ ಸ್ಖಲನದವರೆಗಿನ ಹೊತ್ತನ್ನ 2005ರಲ್ಲಿ ಅಳೆದಾಗ ಮಧ್ಯಾಂಕ (ಅರ್ಧ ಜನ ಇದಕ್ಕಿಂತ ಕಮ್ಮಿ, ಅರ್ಧ ಜನ ಹೆಚ್ಚು) ಬಂದಿದ್ದು 5.4 ನಿಮಿಷ. ಆಜನ್ಮ ಶೀಘ್ರಸ್ಖಲನ ಅನ್ನೋದು ಸುಮಾರು ಒಂದು ನಿಮಿಷದೊಳಗಿನದಕ್ಕೆ. ವಿಡಿಯೋ ನೋಡಿ ಅರ್ಧ ಗಂಟೆ ಬೇಕು ಅನ್ನೋರಿಗೆ ಈ ಅಂಕಿಯೇ ಔಷಧಿ.

ಪಿಸುಗನ್ನಡಿ:
ಶೀಘ್ರಸ್ಖಲನಕ್ಕೆ ನಿಲ್ಲಿಸಿ-ಶುರುಮಾಡೋ ಅಭ್ಯಾಸವನ್ನ ಅಮೆರಿಕದ ವೈದ್ಯ ಜೇಮ್ಸ್ ಸೀಮನ್ಸ್ 1956ರಲ್ಲೇ ಹೇಳಿದ್ದು. ಉದ್ರೇಕಕ್ಕೆ 0ಯಿಂದ 10 ಅಂಕ ಕೊಟ್ಟುಕೊಳ್ಳಿ. 6-7ಕ್ಕೆ ನಿಲ್ಲಿಸಿ, 3ಕ್ಕೆ ಇಳಿದ ಮೇಲೆ ಮತ್ತೆ ಶುರು. ಮೂರು ಸಲ ನಿಲ್ಲಿಸಿ ನಾಲ್ಕನೇ ಸಲ ಬಿಟ್ಟುಬಿಡಿ. ಮೊದಲು ಒಣ ಕೈ, ಆಮೇಲೆ ಲೂಬ್ರಿಕಂಟ್, ಆಮೇಲೆ ಸಂಗಾತಿಯ ಕೈ. ಎಲ್ಲರೂ ಸೋಲೋದು 9ಕ್ಕೆ ನಿಲ್ಲಿಸೋಕೆ ಹೋಗಿ. 9ಕ್ಕೆ ಬ್ರೇಕ್ ಇಲ್ಲ. ಇನ್ನೊಂದು, ತಡೆಯೋಕೆ ಅಂತ ತೊಡೆ, ಗುದದ ಸ್ನಾಯು ಬಿಗಿಹಿಡೀತಾರೆ, ಬಿಗಿದಷ್ಟೂ ಬೇಗ. ಸಡಿಲ ಬಿಟ್ಟು ಹೊಟ್ಟೆಯಿಂದ ಉಸಿರಾಡಬೇಕು.

ಎದುರುವಾದಿ:
ಕೀಗಲ್ (ಮೂತ್ರ ತಡೆಯೋ ಸ್ನಾಯುವನ್ನ ಬಿಗಿದು ಬಿಡೋ ವ್ಯಾಯಾಮ) ಮಾಡಿ ಅಂತ ಎಲ್ಲ ಕಡೆ ಬರೀತಾರಲ್ಲ?

ನರನಾಡಿ:
ಸ್ನಾಯು ಬಲಹೀನ ಇದ್ದವರಿಗೆ ಒಳ್ಳೇದು. ಆತಂಕದವರಲ್ಲಿ ಅದು ಮೊದಲೇ ಬಿಗಿದುಕೊಂಡಿರುತ್ತೆ. ದಿನಕ್ಕೆ ನೂರು ಸಲ ಬಿಗಿದ್ರೆ ಕೆಳಹೊಟ್ಟೆ ನೋವು, ಮೂತ್ರ ತಡವರಿಸೋದು ಶುರುವಾಗುತ್ತೆ. ಪೆಲ್ವಿಕ್ ಫಿಸಿಯೋಥೆರಪಿಸ್ಟ್ ಹತ್ರ ತೋರಿಸಿ, ಸಡಿಲ ಬಿಡೋದನ್ನ ಮೊದಲು ಕಲೀಬೇಕು.

ಮಡಿಲು:
ಇಲ್ಲಿ ಯಾರೂ ಎತ್ತದ ಒಂದು ಗುಂಪು: ಮಗು ಬೇಕು ಅಂತ ಚಿಕಿತ್ಸೆ ತಗೊಳ್ತಿರೋ ಗಂಡಸರು. ಅಂಡಾಣು ಬಿಡುಗಡೆ ದಿನಕ್ಕೆ ಸರಿಯಾಗಿ "ಇವತ್ತೇ" ಅಂತ ಕ್ಯಾಲೆಂಡರ್ ಹೇಳುತ್ತೆ, ಅವತ್ತೇ ಕೈಕೊಡುತ್ತೆ, ಉಳಿದ ದಿನ ಏನೂ ತೊಂದರೆ ಇಲ್ಲ. ದಿನ ಲೆಕ್ಕ ಬಿಟ್ಟು ಎರಡು ಮೂರು ದಿನಕ್ಕೊಮ್ಮೆ ಅಂತ ಇಟ್ಟುಕೊಂಡ್ರೆ ಅವಕಾಶ ಅಷ್ಟೇನೂ ಕಮ್ಮಿಯಾಗಲ್ಲ, ಒತ್ತಡ ಬಹಳ ಇಳಿಯುತ್ತೆ.

ವೀರ್ಯ ಸ್ಯಾಂಪಲ್ ಕೊಡೋ ಕೋಣೆಯದ್ದೂ ಅದೇ ಕತೆ. ಹೊರಗೆ ಹೆಂಡತಿ ಅಂಡಾಣು ತೆಗೆಸಿಕೊಳ್ಳೋಕೆ ಆಪರೇಷನ್ ಟೇಬಲ್ ಮೇಲೆ, ಒಳಗೆ ಇವನ ಕೈಯಲ್ಲಿ ಡಬ್ಬಿ. ಆಗದವರಿಗೆ ಉಪಾಯ ಇದೆ. ವಾರಗಳ ಮುಂಚೆಯೇ ಒಂದು ಸ್ಯಾಂಪಲ್ ಕೊಟ್ಟು ಫ್ರೀಜ್ ಮಾಡಿಸಿಟ್ಟರೆ, "ಹೇಗೂ ಒಂದಿದೆ" ಅನ್ನೋ ಧೈರ್ಯಕ್ಕೇ ಎಷ್ಟೋ ಜನ ಅವತ್ತು ಸಲೀಸಾಗಿ ಕೊಡ್ತಾರೆ. ಲ್ಯಾಬ್ ಒಪ್ಪಿದ್ರೆ ಮನೆಯಲ್ಲೇ ತೆಗೆದು, ಮೈಗೆ ತಾಗಿಸಿ ಬೆಚ್ಚಗೆ ಇಟ್ಟುಕೊಂಡು, ಒಂದು ಗಂಟೆಯೊಳಗೆ ತಲುಪಿಸಬಹುದು. ಮಾಮೂಲಿ ಕಾಂಡೋಮ್, ಲೂಬ್ರಿಕಂಟ್, ಎಂಜಲು ಬಳಸಬೇಡಿ, ವೀರ್ಯಾಣು ಸಾಯ್ತವೆ. ಅದಕ್ಕೆಂದೇ ಬೇರೆ ಕಾಂಡೋಮ್ ಇದೆ, ಲ್ಯಾಬಲ್ಲಿ ಕೇಳಿ.

ಮತ್ತೆ, "ಶಕ್ತಿಗೆ" ಅಂತ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ಹಾಕಿಸ್ಕೋಬೇಡಿ. ಹೊರಗಿಂದ ಬಂದ್ರೆ ವೃಷಣ ಕೆಲಸ ನಿಲ್ಲಿಸುತ್ತೆ, ವೀರ್ಯಾಣು ಸಂಖ್ಯೆ ಸೊನ್ನೆಗೂ ಇಳಿಯಬಹುದು.

ಕಟ್ಟೆಪುರಾಣಿ:
ಗಿಡಮೂಲಿಕೆ ಪುಡಿ? ಅಡ್ಡಪರಿಣಾಮ ಇಲ್ಲ ಅಂತಾರೆ.

ಗುಳಿಗೆಪುರಾಣ:
ಅರ್ಧ ಗಂಟೆಯಲ್ಲಿ "ಕೆಲಸ ಮಾಡಿತು" ಅನ್ನೋ ಪುಡಿಯ ಬಗ್ಗೆ ಅನುಮಾನ ಇರಲಿ. ಹೆಸರು ಹೇಳದೆ ಸಿಲ್ಡೆನಾಫಿಲ್ ಬೆರೆಸಿದ ಸರಕನ್ನ ಅಮೆರಿಕದ ಎಫ್‌ಡಿಎ ಮತ್ತೆ ಮತ್ತೆ ಹಿಡಿದು ಎಚ್ಚರಿಕೆ ಕೊಟ್ಟಿದೆ. ಮೇಲೆ ನೈಟ್ರೇಟ್ ಬಗ್ಗೆ ಬರೆದಿದ್ದನ್ನ ಮತ್ತೆ ಓದಿ.

ತಂತಿಪಟ:
ಕೊನೇ ಪ್ರಶ್ನೆ. ಮಾತ್ರೆ ಮತ್ತು ಸ್ಪರ್ಶಾಭ್ಯಾಸ ಒಟ್ಟಿಗೇ ನಡೀಬೇಕಾ? ಮಾತ್ರೆ ಇಲ್ಲದೆ ಆಗೋದೇ ಇಲ್ಲ ಅನ್ನೋ ಹಾಗೆ ಆಗಿಬಿಟ್ರೆ?

ಪಿಸುಗನ್ನಡಿ:
ಒಟ್ಟಿಗೇ ನಡೆಸೋದು ಬರೀ ಮಾತ್ರೆಗಿಂತ ಮೇಲು. ಮಾತ್ರೆಯ ಮೇಲೆ ದೇಹಕ್ಕೆ ಅವಲಂಬನೆ ಬೆಳೆಯಲ್ಲ, ನಂಬಿಕೆಗೆ ಬೆಳೆಯುತ್ತೆ. ಅದಕ್ಕೆ ಇಳಿಸೋ ಯೋಜನೆ ಶುರುವಿನಲ್ಲೇ ಇರಬೇಕು. ಮೊದಲ ಎರಡು ಹಂತದಲ್ಲಿ ಮಾತ್ರೆ ಬೇಡ, ಅಲ್ಲಿ ಗುರಿಯೇ ನಿಮಿರುವಿಕೆ ಅಲ್ಲ. ಸಂಭೋಗದ ಹಂತಕ್ಕೆ ಬಂದಾಗ ವೈದ್ಯರು ಹೇಳಿದ ಡೋಸ್. ನಾಲ್ಕೈದು ಸಲ ಸರಾಗವಾಗಿ ಆದ ಮೇಲೆ 50 ಇದ್ದದ್ದು 25. ಆಮೇಲೆ ಒಂದು ಸಲ ಮಾತ್ರೆ ಜೊತೆ, ಒಂದು ಸಲ ಇಲ್ಲದೆ. ಆಮೇಲೆ ಮಾತ್ರೆ ಡ್ರಾಯರ್‌ನಲ್ಲಿ ಇರಲಿ, ತಗೊಳ್ಳೋದು ಬೇಡ. ಮಾತ್ರೆ ತಗೋತಿರೋದನ್ನ ಸಂಗಾತಿಯಿಂದ ಮುಚ್ಚಿಡಬೇಡಿ. ಸಿಕ್ಕಿಬೀಳೋ ಭಯವೂ ಅಡ್ರಿನಲಿನ್ನೇ.

ಎದುರುವಾದಿ:
ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಆಪರೇಷನ್ ಆದವರಿಗೆ ಈ ಇಳಿಸೋ ಲೆಕ್ಕ ಅನ್ವಯಿಸಲ್ಲ, ಅದನ್ನೂ ಬರೀರಿ.

ಪಿಸುಗನ್ನಡಿ:
ಹೌದು, ಅವರಿಗಲ್ಲ. ಪ್ರಾಸ್ಟೇಟ್ ತೆಗೆಸಿದವರಲ್ಲಿ ನರ ಚೇತರಿಸಿಕೊಳ್ಳೋಕೆ ಒಂದೂವರೆಯಿಂದ ಎರಡು ವರ್ಷ ಹಿಡೀಬಹುದು, ಅಲ್ಲಿವರೆಗೆ ಮಾತ್ರೆ, ಶಿಶ್ನಕ್ಕೆ ರಕ್ತ ಎಳೆಯೋ ಪಂಪ್, ಶಿಶ್ನಕ್ಕೆ ಕೊಡೋ ಇಂಜೆಕ್ಷನ್ ಏನು ಬೇಕೋ ಅದು. ಇಂಜೆಕ್ಷನ್ ತಗೊಂಡು ನಿಮಿರುವಿಕೆ 4 ಗಂಟೆ ಆದ್ರೂ ಇಳಿಯದಿದ್ರೆ ನಾಚಿಕೊಂಡು ಮನೇಲಿ ಕೂರೋದು ಬೇಡ, ನೇರ ತುರ್ತು ಚಿಕಿತ್ಸೆಗೆ. ತಡ ಆದ್ರೆ ಒಳಗಿನ ಸ್ನಾಯು ಸತ್ತು ಶಾಶ್ವತ ನಷ್ಟ.